ಲಂಟಾನ ಕಿತ್ತ ಮೇಲೆ

(ಮದ್ದೂರಿನಲ್ಲಿ ನಡೆದ ರೈತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಬೆಟ್ಟದ ತಪ್ಪಲಿನಲ್ಲಿ ವಾಸಿಸುವ ನನ್ನನ್ನು ಕಬ್ಬಿನ ನಾಡಿಗೆ ಕರೆಸಿ, ಕಾಡಿನ ಬಗ್ಗೆ ಮಾತನಾಡುವಂತೆ ಹೇಳಿದ್ದೀರಿ. ಮೊದಲು ಸಂಕೋಚವಾಯಿತು. ಆದರೆ ಕಳೆಯ ವಿಷಯದಲ್ಲಿ ನಿಮಗೆ ಹೊಸದಾಗಿ ಹೇಳಬೇಕಾದದ್ದು ಕಡಿಮೆ. ಕಬ್ಬು ನೆಟ್ಟ ಮೊದಲ ಮೂರು ನಾಲ್ಕು ತಿಂಗಳು ಕಳೆಯನ್ನು ಹತೋಟಿಯಲ್ಲಿಡದಿದ್ದರೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಇಳುವರಿ ಕೈಗೆ ಹತ್ತದೆಂಬುದನ್ನು ನೀವೆಲ್ಲ ಬಲ್ಲಿರಿ. ಪೈರು ಒಮ್ಮೆ ತಲೆಯೆತ್ತಿ ನೆರಳು ಕವಿಸಿತೆಂದರೆ ಕಳೆಯೇ ಸೋಲುತ್ತದೆ. ಕಾಡುಮರದ ಸಸಿಗೂ ಇದೇ ನಿಯಮ. ಅದರ ಎಳವೆಯ ಕಾಲ ಮಾತ್ರ ತಿಂಗಳುಗಳಲ್ಲ, ವರ್ಷಗಳು.

ನಿಮ್ಮ ಶಿಂಷಾ ನದಿ ಮಳವಳ್ಳಿ ಸೀಮೆಯನ್ನು ಹಾಯ್ದು ಕಾವೇರಿಯನ್ನು ಕೂಡುತ್ತದೆ. ಆ ಭಾಗದ ಮುತ್ತತ್ತಿಯ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳವರೆಗೆ ಕಾಡು ಒಂದಕ್ಕೊಂದು ಹೆಣೆದುಕೊಂಡಿದೆ. ಮೇಲಿನಿಂದ ನೋಡಿದರೆ ಹಸಿರು. ಒಳಹೊಕ್ಕರೆ ಬಹುಭಾಗದಲ್ಲಿ ಮನುಷ್ಯ ನುಸುಳಲಾರದ ಲಂಟಾನದ ಪೊದೆ. ಆನೆಗಳು ನಿಮ್ಮ ಕಬ್ಬಿನ ಗದ್ದೆಗೆ ಬರುವುದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಕಬ್ಬಿನ ರುಚಿಯೂ ಇದೆ. ಆದರೆ ಹುಲ್ಲು ಬೆಳೆಯಬೇಕಾದ ನೆಲವನ್ನು ದನವೂ ಜಿಂಕೆಯೂ ಮೇಯದ ಗಿಡವೊಂದು ಆಕ್ರಮಿಸಿದರೆ ಮೇವು ಎಲ್ಲಿಂದ ಬರಬೇಕು? ಬೇರೇನೂ ಸಿಗದೆ ಲಂಟಾನದ ಸೊಪ್ಪು ತಿಂದ ಹಸುವಿಗೆ ಕಾಮಾಲೆಯಾಗಿ, ಬಿಸಿಲಿಗೆ ಚರ್ಮ ಸುಲಿದದ್ದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು.

ಈ ಗಿಡ ಅಮೆರಿಕ ಖಂಡದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಲುವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಇದನ್ನು ಮಣಿಸಲೆಂದು 1921ರಷ್ಟು ಹಿಂದೆಯೇ ಹವಾಯಿಯಿಂದ ಬೀಜ ತಿನ್ನುವ ನೊಣವನ್ನು ತರಿಸಲಾಯಿತು. ನೊಣ ಉಳಿಯಿತು, ಲಂಟಾನವೂ ಉಳಿಯಿತು. ಭಾರತದ ಹುಲಿ ವಾಸಿಸುವ ಕಾಡುಗಳಲ್ಲಿ ಶೇ. 40ಕ್ಕೂ ಹೆಚ್ಚು ಭಾಗಕ್ಕೆ ಅದು ವ್ಯಾಪಿಸಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿಯೂ ಮತ್ತೆ 2008ರಲ್ಲಿಯೂ ಅಳೆದು ನೋಡಿದ ಸಂಶೋಧಕರಿಗೆ, ಲಂಟಾನವಿದ್ದ ತಾಣಗಳ ಪ್ರಮಾಣ ಆ ಹನ್ನೊಂದು ವರ್ಷಗಳಲ್ಲಿ ಸುಮಾರು ಇಮ್ಮಡಿಯಾದದ್ದು ಕಂಡುಬಂದಿತು.

ಏಕೆ ಹೀಗಾಯಿತು? ಸೋಲಿಗರನ್ನು ಕೇಳಿದರೆ ಬೆಂಕಿಯ ಮಾತು ಬರುತ್ತದೆ. ವರ್ಷದ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲೇ, ಅವರು ನೆಲದ ಎಲೆಗಳಿಗೆ ಹಾಕುತ್ತಿದ್ದ ಸಣ್ಣ ಉರಿಗೆ ತರಗು ಬೆಂಕಿ ಎಂದು ಹೆಸರು. ಅದು ಎಳೆಯ ಪೊದೆಗಳನ್ನೂ, ನೆಲ್ಲಿಮರಕ್ಕೆ ಅಂಟುವ ಉಪ್ಪಿಲೆಂಬ ಬಂದಳಿಕೆಯನ್ನೂ ಮಿತಿಯಲ್ಲಿಡುತ್ತಿತ್ತೆಂದು ಅವರ ವಾದ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು. ವಿಜ್ಞಾನಿಗಳಲ್ಲಿ ಈ ಬಗ್ಗೆ ಚರ್ಚೆಯಿದೆ. ನನ್ನ ಮಟ್ಟಿಗೆ ಸೋಲಿಗರ ಮಾತಿನಲ್ಲಿ ಹುರುಳಿದೆ. ಆದರೆ ಇಂದು ಲಂಟಾನ ಆಳೆತ್ತರ ಬೆಳೆದಿರುವಲ್ಲಿ ಅದೇ ಬೆಂಕಿಯನ್ನು ಹಾಕಿದರೆ ಅದು ತರಗು ಬೆಂಕಿಯಾಗಿ ಉಳಿಯದು. ಪೊದೆಯನ್ನೇ ಏಣಿ ಮಾಡಿಕೊಂಡು ಮರದ ನೆತ್ತಿಗೆ ಏರುತ್ತದೆ. ಮೊದಲು ಪೊದೆ ಹೋಗಬೇಕು, ಬೆಂಕಿಯ ಮಾತು ಆಮೇಲೆ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಡಾಕ್ಟರೇಟ್ ಪಡೆದು ಬೆಟ್ಟಕ್ಕೆ ಬಂದ ಹೊಸತರಲ್ಲಿ ನನ್ನ ಜಮೀನಿನ ಅಂಚಿನ ಎರಡು ಎಕರೆಯನ್ನು ಜೆಸಿಬಿಯಿಂದ ಬಗೆಸಿ, ಹೊನ್ನೆ, ಮತ್ತಿ, ನೆಲ್ಲಿ ಸಸಿಗಳನ್ನು ಸಾಲಾಗಿ ನೆಡಿಸಿದೆ. ಛಾಯಾಚಿತ್ರ ಚೆನ್ನಾಗಿ ಬಂದಿತು. ಎರಡನೆಯ ಮಳೆಗಾಲದ ಹೊತ್ತಿಗೆ ನನ್ನ ಸಸಿಗಳನ್ನು ಹುಡುಕಬೇಕಾಯಿತು. ಲಂಟಾನ, ಅದರ ಜೊತೆಗೆ ಪಾರ್ಥೇನಿಯಂ ಮೊಳಕಾಲೆತ್ತರ ನಿಂತಿದ್ದವು. ನೋಡಲು ಬಂದ ಸೋಲಿಗರ ಹಿರಿಯರೊಬ್ಬರು ಸುಮ್ಮನೆ ಒಂದು ಸುತ್ತು ಹಾಕಿ, “ಸಾರ್, ಲಂಟಾನಕ್ಕೆ ಒಳ್ಳೆ ಪಾತಿ ಮಾಡ್ಕೊಟ್ಟಿದ್ದೀರಿ” ಎಂದರು. ಯಂತ್ರ ಮಣ್ಣನ್ನು ಸಡಿಲಿಸಿತ್ತು, ನೆರಳನ್ನು ಅಳಿಸಿತ್ತು. ಜೊತೆಗೆ ತಾನಾಗಿ ಹುಟ್ಟಿದ್ದ ಕಾಡುಸಸಿಗಳನ್ನೂ, ಅವುಗಳನ್ನು ಮೇಯುವ ಬಾಯಿಯಿಂದ ಕಾಯುತ್ತಿದ್ದ ಕಾರೆ, ಕವಳೆಯ ಮುಳ್ಳುಪೊದೆಗಳನ್ನೂ ನುಂಗಿತ್ತು. ಪೈಪೋಟಿ ಮಾಡುವ ಗಿಡ ಯಾವುದು, ದಾದಿಯಾಗಿರುವ ಗಿಡ ಯಾವುದು ಎಂದು ನಾನು ನೋಡಿರಲೇ ಇಲ್ಲ.

ಲಂಟಾನವನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕೊಂಬೆಯಿದ್ದಲ್ಲಿ ಹತ್ತು ಚಿಗುರುತ್ತವೆ. ಚಿಗುರುವ ಕಣ್ಣುಗಳಿರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಅರಣ್ಯದಲ್ಲಿ ಬಳಕೆಗೆ ತಂದ ವಿಧಾನ ಸರಳವಾದುದು: ನೆಲದಿಂದ ಮೂರರಿಂದ ಐದು ಸೆಂ.ಮೀ. ಕೆಳಗೆ ತಾಯಿಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಒಣಗಲು ಬಿಡುವುದು. ಹಣ್ಣಾಗುವ ಮೊದಲೇ ಇದು ಮುಗಿಯಬೇಕು. ಒಂದು ಪೊದೆ ವರ್ಷಕ್ಕೆ ಸಾವಿರಾರು ಹಣ್ಣು ಬಿಡುತ್ತದೆ, ಪಿಕಳಾರ ಹಕ್ಕಿ ಅವುಗಳನ್ನು ತಿಂದು ತಾನು ಕೂರುವ ಮರದಡಿ ಬಿತ್ತುತ್ತದೆ. ಆದ್ದರಿಂದ ಮುಂದಿನ ಎರಡು ಮೂರು ಮಳೆಗಾಲ ದೊಡ್ಡ ಮರಗಳ ಬುಡ, ಹಳ್ಳದ ದಂಡೆ ಇವೆರಡನ್ನು ನಡೆದು ನೋಡಿ ಎಳೆಸಸಿಗಳನ್ನು ಕೈಯಲ್ಲೇ ಕೀಳಬೇಕು. ಬರಿದಾದ ನೆಲಕ್ಕೆ ಸ್ಥಳೀಯ ಹುಲ್ಲಿನ ಬೀಜ ಎರಚಬೇಕು. ತಾನಾಗಿ ಹುಟ್ಟಿದ ಮರದ ಸಸಿ ಕಂಡರೆ ಸುತ್ತ ಒಂದು ಮೀಟರು ಬಿಡಿಸಿದರೆ ಸಾಕು; ನರ್ಸರಿಯ ಸಸಿಯ ಅಗತ್ಯ ಅನೇಕ ಕಡೆ ಬೀಳುವುದೇ ಇಲ್ಲ.

ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ನೆರವಿನಿಂದ ಲಂಟಾನದ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ ಮಾಡುವವರಿದ್ದಾರೆ. ಕೈಗೆ ಕೂಲಿ ಸಿಗುವುದರಿಂದ ನನಗೆ ಆ ಕೆಲಸ ಇಷ್ಟ. ಆದರೆ ಕುರ್ಚಿಯಿಂದ ಕಾಡು ತೆರವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ತೊಡಕಿರುವುದು ಹಣದ ಕಾಲಾವಧಿಯಲ್ಲಿ. ಕಡಿಯುವುದಕ್ಕೆ ಯೋಜನೆಯಿರುತ್ತದೆ, ಮಾರ್ಚ್ ತಿಂಗಳಿಗೆ ಲೆಕ್ಕ ಮುಗಿಯುತ್ತದೆ. ಮೂರನೆಯ ವರ್ಷ ಎಳೆಸಸಿ ಕೀಳುವವರ ಕೂಲಿಯನ್ನು ಯಾರೂ ಬರೆದಿರುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅಲ್ಲಿ ವರ್ಷವರ್ಷವೂ ಕಾಡಿನಲ್ಲಿ ನಡೆಯುವ ಕಾಲುಗಳಿವೆ. ಆ ಕೂಲಿಯನ್ನು ಮೂರು ವರ್ಷಕ್ಕೂ ಒಟ್ಟಿಗೆ ಅವರ ಗ್ರಾಮಸಭೆಗಳ ಕೈಗೇ ಕೊಡಬೇಕೆಂಬುದು ನನ್ನ ಒತ್ತಾಯ. ನಿಮ್ಮಲ್ಲಿ ಕಾಡಂಚಿನಲ್ಲಿ ಹೊಲವಿರುವವರು ಬೇಲಿಯ ಲಂಟಾನವನ್ನು ಈ ವರ್ಷ ಹತ್ತು ಮಾರು ಮಾತ್ರ, ಬೇರು ಕತ್ತರಿಸಿ ತೆಗೆದು ನೋಡಿ. ಮುಂದಿನ ಮುಂಗಾರಿನಲ್ಲಿ ನಾನೇ ಬರುತ್ತೇನೆ, ಎಷ್ಟು ಚಿಗುರಿವೆಯೆಂದು ಒಟ್ಟಿಗೆ ಎಣಿಸೋಣ.