ಹಳೆಯ ವಾಣಿಜ್ಯ ರೇಡಿಯೊಗಳಿಂದ ಹವ್ಯಾಸಿ ಮರುಪ್ರಸಾರ ಕೇಂದ್ರ: ಗ್ರಾಮ ಪಂಚಾಯಿತಿಗಳ ಪಾತ್ರ



2018 ಮತ್ತು 2019ರ ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ಭಾರಿ ಪ್ರಮಾಣದ ನೀರನ್ನು ಹೊರಬಿಟ್ಟಾಗ, ನಂಜನಗೂಡಿನ ಬಳಿ ಮೈಸೂರು–ಊಟಿ ಹೆದ್ದಾರಿಯ ಮೇಲೆ ನೀರು ಹರಿದು ಸಂಚಾರ ಸ್ಥಗಿತಗೊಂಡಿತ್ತು. ಇಂತಹ ಸಮಯದಲ್ಲಿ ರಸ್ತೆಯ ಬೆನ್ನಿಗೇ ವಿದ್ಯುತ್ತೂ, ವಿದ್ಯುತ್ತಿನ ಬೆನ್ನಿಗೇ ಮೊಬೈಲ್ ಗೋಪುರವೂ ಕೈಕೊಡಬಹುದು. ದೋಣಿ ಎಲ್ಲಿಗೆ ಬೇಕು, ಔಷಧ ಯಾರಿಗೆ ಬೇಕು ಎಂಬ ಎರಡು ಮಾತು ತಾಲ್ಲೂಕು ಕೇಂದ್ರವನ್ನು ತಲುಪದಿದ್ದರೆ ಉಳಿದ ಸಿದ್ಧತೆಗಳೆಲ್ಲ ನಿಷ್ಫಲವಾಗುತ್ತವೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹವ್ಯಾಸಿ ರೇಡಿಯೊ ಮೂಲಕವೇ ಅಂಡಮಾನಿನ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದರು.

ಈ ವಿದ್ಯೆ ಮೈಸೂರಿಗೆ ಹೊಸತಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಹೆಸರಾಯಿತು.

ಕೈಯಲ್ಲಿ ಹಿಡಿಯುವ ರೇಡಿಯೊದ ಮಾತು ಊರೊಳಗೆ ಕೆಲವೇ ಕಿಲೋಮೀಟರ್ ಸಾಗುತ್ತದೆ. ಲಕ್ಷ್ಮೀಪುರಂನ ಮನೆಯಲ್ಲಿರುವ ಹವ್ಯಾಸಿಗೂ ನಂಜನಗೂಡಿನ ಕಪಿಲಾ ತೀರದಲ್ಲಿರುವ ಹವ್ಯಾಸಿಗೂ ನೇರ ಸಂಪರ್ಕ ಕಷ್ಟ. ಆದರೆ ಚಾಮುಂಡಿ ಬೆಟ್ಟದಂತಹ ಎತ್ತರದ ತಾಣ ಇಬ್ಬರ ಕಣ್ಣಿಗೂ ಕಾಣುತ್ತದೆ. ಅಂತಹ ಎತ್ತರದಲ್ಲಿ ಒಬ್ಬರ ಮಾತನ್ನು ಗ್ರಹಿಸಿ ಅದೇ ಕ್ಷಣದಲ್ಲಿ ಬೇರೊಂದು ತರಂಗಾಂತರದಲ್ಲಿ ಹೊರಡಿಸುವ ಯಂತ್ರವೇ ಮರುಪ್ರಸಾರ ಕೇಂದ್ರ, ಅಂದರೆ ರಿಪೀಟರ್.

ಸಂಸ್ಥೆಗಳು ಮೊಬೈಲ್ ಮತ್ತು ಡಿಜಿಟಲ್ ವ್ಯವಸ್ಥೆಗೆ ಬದಲಾದಂತೆ ವಾಹನಗಳಲ್ಲಿದ್ದ ಹಳೆಯ ವಿಎಚ್‌ಎಫ್ ರೇಡಿಯೊಗಳು ಮೂಲೆ ಸೇರುತ್ತವೆ. 136ರಿಂದ 174 ಮೆಗಾಹರ್ಟ್ಸ್ ವ್ಯಾಪ್ತಿಯ ಇಂತಹ ಸೆಟ್ಟುಗಳನ್ನು, ಹವ್ಯಾಸಿಗಳಿಗೆ ಮೀಸಲಾದ 144–146 ಮೆಗಾಹರ್ಟ್ಸ್‌ಗೆ ಕಂಪ್ಯೂಟರ್ ಮೂಲಕ ಹೊಂದಿಸಬಹುದು. ಎರಡು ಸೆಟ್ಟು ಬೇಕು: ಒಂದು ಕೇಳಲು, ಇನ್ನೊಂದು ಹೇಳಲು. ಕೇಳುವುದು 145.100, ಹೇಳುವುದು 145.700 ಎಂದಿಟ್ಟುಕೊಂಡರೆ ನಡುವಿನ ಅಂತರ 600 ಕಿಲೋಹರ್ಟ್ಸ್. ಮೊದಲನೆಯದು ಮಾತನ್ನು ಗ್ರಹಿಸಿದೊಡನೆ ಎರಡನೆಯದನ್ನು ಚಾಲೂ ಮಾಡಿ, ಮಾತು ನಿಂತೊಡನೆ ನಿಲ್ಲಿಸುವ ಸಣ್ಣ ನಿಯಂತ್ರಕವನ್ನು ನಡುವೆ ಜೋಡಿಸಲಾಗುತ್ತದೆ.

ಕಷ್ಟವಿರುವುದು ಇದರ ಮುಂದೆ. ಒಂದೇ ಆಂಟೆನಾದಲ್ಲಿ ಕೇಳುವುದೂ ಹೇಳುವುದೂ ಏಕಕಾಲದಲ್ಲಿ ನಡೆಯಬೇಕು; ತಮಟೆ ಬಾರಿಸುತ್ತಲೇ ದೂರದ ಪಿಸುಮಾತನ್ನು ಆಲಿಸಿದಂತೆ. ಇವೆರಡನ್ನೂ ಬೇರ್ಪಡಿಸುವ ಸಾಧನ ಡ್ಯುಪ್ಲೆಕ್ಸರ್. ವಾಣಿಜ್ಯ ಬಳಕೆಯ ಚಿಕ್ಕ ಡ್ಯುಪ್ಲೆಕ್ಸರುಗಳು ಹಲವು ಮೆಗಾಹರ್ಟ್ಸ್ ಅಂತರಕ್ಕೆಂದು ರೂಪುಗೊಂಡವು; 600 ಕಿಲೋಹರ್ಟ್ಸ್‌ಗೆ ಅವು ಸಾಲವು. ದೊಡ್ಡ ಲೋಹದ ಕೊಳವೆಗಳುಳ್ಳದ್ದೇ ಬೇಕು. ಆದುದರಿಂದ ರೇಡಿಯೊ ಅಗ್ಗವಾಗಿ ದೊರೆತರೂ ಕೇಂದ್ರ ಅಗ್ಗವಾಗುವುದಿಲ್ಲ ಎಂಬುದನ್ನು ಅಂದಾಜುಪಟ್ಟಿ ತಯಾರಿಸುವಾಗಲೇ ಅರಿತಿರಬೇಕು.

ವಾಹನದ ಸೆಟ್ಟು ನಿರಂತರ ಪ್ರಸಾರಕ್ಕೆ ತಯಾರಾದುದಲ್ಲ. 25 ವ್ಯಾಟ್ ಸೆಟ್ಟನ್ನು 10 ವ್ಯಾಟ್‌ಗೆ ಇಳಿಸಿ, ಫ್ಯಾನ್ ಅಳವಡಿಸಿದರೆ ಬಾಳಿಕೆ ಬರುತ್ತದೆ. ಸುಮ್ಮನಿರುವಾಗ 1 ಆಂಪಿಯರ್, ಪ್ರಸಾರದಲ್ಲಿ 5 ಆಂಪಿಯರ್ ಬಳಕೆಯಾಗಿ, ಕಾಲು ಭಾಗದಷ್ಟು ಹೊತ್ತು ಪ್ರಸಾರ ನಡೆದರೆ ಸರಾಸರಿ 2 ಆಂಪಿಯರ್ ಆಗುತ್ತದೆ. 100 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಅರ್ಧದವರೆಗೆ ಬಳಸಿದರೆ 25 ಗಂಟೆ, ಅಂದರೆ ಒಂದು ಹಗಲು, ಒಂದು ರಾತ್ರಿ. ನೆರೆ ಅಷ್ಟರಲ್ಲಿ ಇಳಿಯುತ್ತದೆಂಬ ಭರವಸೆಯಿಲ್ಲ, ಸೌರಫಲಕ ಅನಿವಾರ್ಯ. ಎತ್ತರದ ತಾಣವಾದುದರಿಂದ ಸಿಡಿಲಿನ ರಕ್ಷಣೆಗೆ ಸಮರ್ಪಕವಾದ ಅರ್ತಿಂಗ್ ಕೂಡ ಅಷ್ಟೇ ಅನಿವಾರ್ಯ.

ಕಾನೂನಿನ ವಿಷಯದಲ್ಲಿ ಸಡಿಲಿಕೆ ಸಲ್ಲದು. ಕೇಂದ್ರ ಸಂವಹನ ಸಚಿವಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ಮಾತ್ರ ಹವ್ಯಾಸಿ ರೇಡಿಯೊ ಬಳಸಬಹುದು. 12 ವರ್ಷ ತುಂಬಿದವರು ಪರೀಕ್ಷೆಗೆ ಅರ್ಹರು. ಮರುಪ್ರಸಾರ ಕೇಂದ್ರಕ್ಕೂ ಅನುಮತಿ ಅಗತ್ಯ. ಕಂದಾಯ ವಸೂಲಿ, ನೀರುಗಂಟಿಗಳಿಗೆ ಸೂಚನೆ ಮುಂತಾದ ಕಚೇರಿ ಕೆಲಸಕ್ಕಾಗಲಿ ವ್ಯಾಪಾರಕ್ಕಾಗಲಿ ಇದನ್ನು ಬಳಸುವಂತಿಲ್ಲ. ಗುಜರಿಯಲ್ಲಿ ಕೊಂಡ ಸೆಟ್ಟನ್ನು ಪರವಾನಗಿಯಿಲ್ಲದೆ ಚಾಲೂ ಮಾಡುವುದು ಅಪರಾಧ. ಕೆಲಸಕ್ಕೆ ಬಾರದ ಸೆಟ್ಟು ಹಾಗೂ ಬ್ಯಾಟರಿಗಳು ಕಸದ ಗುಂಡಿಗಲ್ಲ, ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು.

ಹಾಗಾದರೆ ಪಂಚಾಯಿತಿಯ ಕೆಲಸವೇನು? ಯಂತ್ರ ಕೊಳ್ಳುವುದಕ್ಕಿಂತ ಮುಂಚೆ ಜನರನ್ನು ಸಿದ್ಧಗೊಳಿಸುವುದು. ಪ್ರತಿ ಪಂಚಾಯಿತಿಯಿಂದ ಇಬ್ಬರು ಆಸಕ್ತ ಯುವಕ ಯುವತಿಯರನ್ನು ಗುರುತಿಸಿ ಪರೀಕ್ಷೆಗೆ ಅಣಿಗೊಳಿಸುವುದು; ಪರವಾನಗಿಯುಳ್ಳ ಹವ್ಯಾಸಿಗಳಿಗೆ ಸುರಕ್ಷಿತ ಕೊಠಡಿ, ಆಂಟೆನಾಗೆ ಎತ್ತರದ ಜಾಗವನ್ನು ನಿಯಮಾನುಸಾರ ಒದಗಿಸುವುದು; ಪಂಚಾಯಿತಿಯ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಅವರ ಹೆಸರನ್ನು ಸೇರಿಸುವುದು. ಮಳೆಗಾಲಕ್ಕೆ ಮುನ್ನ ಒಮ್ಮೆಯಾದರೂ ವಿದ್ಯುತ್ ಕಡಿದು, ಬ್ಯಾಟರಿಯ ಮೇಲೆಯೇ ಸಂಪರ್ಕವನ್ನು ಪರೀಕ್ಷಿಸಬೇಕು. ಬಳಸದ ಯಂತ್ರ ಬೇಕಾದ ದಿನವೇ ಮೌನವಾಗುತ್ತದೆ.

ನೆರೆ ಬಂದ ರಾತ್ರಿ ನದಿಯಂಚಿನ ಕೊನೆಯ ಮನೆಯ ಕೂಗು ಯಾರಿಗಾದರೂ ಕೇಳಿಸಬೇಕು. ಅದನ್ನು ಕೇಳಿಸಿಕೊಳ್ಳಬಲ್ಲವರನ್ನು ಈ ಬೇಸಿಗೆಯಲ್ಲಿಯೇ ಗುರುತಿಸುವಂತಾಗಲಿ.