ಎಲೆಕ್ಟ್ರಾನಿಗೆ ಇಂಗ್ಲಿಷ್ ಬರುವುದಿಲ್ಲ!

(ಚಿಮ್ಮಡದ ಮುದ್ರಣಾಲಯದ ಮಾಲೀಕರೊಬ್ಬರು ಕನ್ನಡ ಯುವಜನರ ಸಭೆಯಲ್ಲಿ ಆಡಿದ ಮಾತುಗಳು)



ನಾನು ಪಂಡಿತನಲ್ಲ. ರಬಕವಿ-ಬನಹಟ್ಟಿ ತಾಲ್ಲೂಕಿನ ಚಿಮ್ಮಡದವನು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಗಳ ರಶೀದಿ ಪುಸ್ತಕ ಅಚ್ಚು ಹಾಕುವುದು ನನ್ನ ಕಸುಬು. ಓದಿದ್ದು ಪಿಯುಸಿ. ಅಂಥವನು ಇವತ್ತು ನಿಮ್ಮ ಮುಂದೆ ನಿಂತು ‘ಕ್ವಾಂಟಂ ಕ್ಷೇತ್ರ ಸಿದ್ಧಾಂತ’ದ ಬಗ್ಗೆ ಮಾತಾಡುತ್ತೇನೆ ಎಂದರೆ ನಿಮಗೆ ನಗು ಬರಬಹುದು. ನಗಿರಿ. ನಕ್ಕು ಮುಗಿದ ಮೇಲೆ ಕೇಳಿರಿ.

ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ನಾನು ಪಿಯುಸಿಗೆ ವಿಜ್ಞಾನ ತೆಗೆದುಕೊಂಡೆ. ವೇಗ, ವೇಗೋತ್ಕರ್ಷ, ಜಡತ್ವ ಎಲ್ಲ ನನಗೆ ಗೊತ್ತಿತ್ತು. ಮೊದಲ ದಿನವೇ ಕರಿಹಲಗೆಯ ಮೇಲೆ ವೆಲಾಸಿಟಿ, ಅಕ್ಸೆಲರೇಷನ್, ಇನರ್ಷಿಯಾ ಬಂದು ಕೂತವು. ಗೊತ್ತಿದ್ದದ್ದೇ ಗೊತ್ತಿಲ್ಲದ್ದಾಯಿತು! ‘ವೆಲಾಸಿಟಿ ಅಂದರೆ ನಿಮ್ಮ ವೇಗವೇ’ ಎಂಬ ಒಂದು ಮಾತನ್ನು ಯಾರೂ ಹೇಳಲಿಲ್ಲ. ನಾಚಿಕೆಯಿಂದ ನಾನೂ ಕೇಳಲಿಲ್ಲ. ಹೇಗೋ ಪಾಸಾದೆ, ಮುಂದೆ ಓದಲಿಲ್ಲ. ಅಪ್ಪನ ಟ್ರೆಡಲ್ ಮಷೀನಿನ ಮುಂದೆ ಹೋಗಿ ನಿಂತೆ.

ಇದು ನನ್ನೊಬ್ಬನಲ್ಲೇ ಮುಗಿದಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. ಬನಹಟ್ಟಿಯ ನಮ್ಮ ಅಕ್ಕನ ಮನೆಯಲ್ಲಿ ಮಗ್ಗದ ಕಸುಬು. ಅವಳ ಮಗಳು ಕನ್ನಡ ಶಾಲೆಯಲ್ಲೇ ಓದಿ, ಬಿ.ಎಸ್ಸಿ. ಮುಗಿಸಿ, ಭೌತಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದಳು. ಎರಡನೇ ವರ್ಷ ಈ ವಿಷಯ ಆರಿಸಿಕೊಂಡಳು. ತಿಂಗಳೊಪ್ಪತ್ತಿನಲ್ಲಿ ಫೋನ್ ಬಂತು.

“ಮಾಮಾ, ಬಿಟ್ಟು ಬರ್ತೀನಿ. ಕ್ಲಾಸಿನಾಗ ಒಂದು ಪ್ರಶ್ನೆ ಕೇಳಾಕ ಎದ್ದೆ. ಇಂಗ್ಲಿಷ್ ಅರ್ಧಕ್ಕ ನಿಂತಿತು. ಎಲ್ಲಾರೂ ನಕ್ಕರು. ನನ್ನ ತಲ್ಯಾಗ ಇದು ಹೋಗೂದಿಲ್ಲ.”

“ಯವ್ವಾ, ತಲ್ಯಾಗ ಹೋಗಿಲ್ಲೋ, ಬಾಯಾಗ ಬಂದಿಲ್ಲೋ? ಮೊದಲು ಅದನ್ನ ನೋಡೂಣು. ಐತವಾರಕ್ಕೊಮ್ಮೆ ಫೋನ್ ಮಾಡು. ಆ ವಾರ ಓದಿದ್ದನ್ನ ನನಗ ಕನ್ನಡದಾಗ ಹೇಳು. ನನಗ ತಿಳಿದರ ನಿನಗ ತಿಳಿದಂಗ.”

ಮೊದಲ ಐತವಾರ ‘ಕ್ಷೇತ್ರ’ ಎಂದಳು. ನಮಗೆ ಕ್ಷೇತ್ರ ಎಂದರೆ ಒಂದು ಪುಣ್ಯಕ್ಷೇತ್ರ, ಇನ್ನೊಂದು ಮತಕ್ಷೇತ್ರ! ಎರಡೂ ಅಲ್ಲ ಎಂದಳು. ಕೋಣೆಯ ಪ್ರತಿಯೊಂದು ಜಾಗಕ್ಕೂ ಒಂದು ಉಷ್ಣತೆ ಇರುವಂತೆ, ಜಗತ್ತಿನ ಪ್ರತಿಯೊಂದು ಬಿಂದುವಿಗೂ ಒಂದು ಬೆಲೆ ಕೊಡುವುದೇ ಕ್ಷೇತ್ರ. ಮಗ್ಗದ ಮೇಲೆ ಬಿಗಿಯಾಗಿ ಎಳೆದ ಹಾಸನ್ನು ಬೆರಳಿನಿಂದ ತಟ್ಟಿದರೆ ನಡುಕ ಆ ತುದಿಯವರೆಗೂ ಓಡುತ್ತದೆಯಲ್ಲವೇ? ಬೆಳಕಿನ ಕ್ಷೇತ್ರವನ್ನು ಹಾಸು ಎಂದುಕೊಳ್ಳಿ. ಮಗ್ಗದ ನಡುಕ ಎಷ್ಟು ಬೇಕಾದರೂ ಸಣ್ಣದಿರಬಹುದು. ಕ್ವಾಂಟಂ ಲೋಕದಲ್ಲಿ ಮಾತ್ರ ಅದು ಮೆಟ್ಟಿಲು ಮೆಟ್ಟಿಲಾಗಿಯೇ ಏರುತ್ತದೆ. ಒಂದು ಮೆಟ್ಟಿಲು ಏರಿದರೆ ಒಂದು ಫೋಟಾನ್, ಎರಡು ಏರಿದರೆ ಎರಡು. ಎಲೆಕ್ಟ್ರಾನಿಗೂ ಅದರದ್ದೇ ಕ್ಷೇತ್ರವಿದೆ. ಆದರೆ ಅಲ್ಲಿ ಒಂದು ಬಗೆಯ ನಡುಕಕ್ಕೆ ಒಂದೇ ಮೆಟ್ಟಿಲು, ಎರಡನೆಯದಕ್ಕೆ ಜಾಗವಿಲ್ಲ.

ನನಗೆ ಆಗ ಅಪ್ಪನ ಕಾಲದ ಸೀಸದ ಮೊಳೆಗಳು ನೆನಪಾದವು. ‘ಕ’ ಅಕ್ಷರದ ನೂರಾರು ಮೊಳೆಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದರೂ ಒಂದರ ಮೂಲೆ ಸವೆದಿರುತ್ತಿತ್ತು, ಇನ್ನೊಂದರ ಗೆರೆ ಮುರಿದಿರುತ್ತಿತ್ತು. ಮೊಳೆ ಜೋಡಿಸುವವರು ಗುರುತು ಹಿಡಿಯುತ್ತಿದ್ದರು. ಎಲೆಕ್ಟ್ರಾನ್ ಹಾಗಲ್ಲ. ಚಿಮ್ಮಡದ್ದಾಗಲಿ, ಚಿಕಾಗೋದ್ದಾಗಲಿ, ನಕ್ಷತ್ರದ ಒಡಲಿನದಾಗಲಿ, ಅದು ಸವೆಯುವುದಿಲ್ಲ, ಬೇರೆಬೇರೆ ಎಂದು ಗುರುತಿಸಲೂ ಆಗುವುದಿಲ್ಲ. ಯಾಕೆ? ಎಲ್ಲವೂ ಒಂದೇ ಕ್ಷೇತ್ರದ ನಡುಕ! ಇದನ್ನು ನಾನು ಹೇಳಿದಾಗ ಆ ಕಡೆಯಿಂದ ಹುಡುಗಿ, “ಮಾಮಾ, ನಿನಗ ತಿಳೀತು!” ಎಂದು ಕೂಗಿದಳು. ನನಗಿಂತ ಹೆಚ್ಚು ಅವಳಿಗೆ ತಿಳಿದಿತ್ತು.

ಇಂಥದೊಂದು ಸಿದ್ಧಾಂತ ಯಾಕೆ ಬೇಕಾಯಿತು? 1905ರಲ್ಲಿ ಐನ್‌ಸ್ಟೈನ್ ದ್ರವ್ಯವೂ ಶಕ್ತಿಯೂ ಒಂದು ಇನ್ನೊಂದಾಗಬಲ್ಲವು ಎಂದರು. 1925-26ರಲ್ಲಿ ಕ್ವಾಂಟಂ ಯಂತ್ರಶಾಸ್ತ್ರ ಬಂತು. ಎರಡನ್ನೂ ಕೂಡಿಸಿದರೆ ಕಣಗಳ ಸಂಖ್ಯೆಯೇ ನಿಲ್ಲುವುದಿಲ್ಲ. ಕಣಗಳು ಹುಟ್ಟುತ್ತವೆ, ಅಳಿಯುತ್ತವೆ. ಆ ಲೆಕ್ಕ ಇಡಲು ಕ್ಷೇತ್ರವೇ ಬೇಕು. 1927ರಲ್ಲಿ ಡಿರಾಕ್ ದಾರಿ ತೆರೆದರು. ಆದರೆ ಸೂಕ್ಷ್ಮವಾಗಿ ಲೆಕ್ಕ ಹಾಕಿದಲ್ಲೆಲ್ಲ ಉತ್ತರ ‘ಅನಂತ’ ಎಂದು ಬರತೊಡಗಿತು! ಆ ತೊಡಕನ್ನು 1940ರ ದಶಕದಲ್ಲಿ ಟೊಮೊನಾಗ, ಷ್ವಿಂಗರ್, ಫೈನ್‌ಮನ್ ಬಿಡಿಸಿದರು. ಮೂವರಿಗೂ 1965ರಲ್ಲಿ ನೊಬೆಲ್ ಬಂತು. ಎಲೆಕ್ಟ್ರಾನಿನ ಕಾಂತಗುಣ ಡಿರಾಕ್ ಲೆಕ್ಕಕ್ಕಿಂತ ಸುಮಾರು 0.00116 ಪಾಲು ಹೆಚ್ಚು ಎಂದು ಷ್ವಿಂಗರ್ 1948ರಲ್ಲಿ ತೋರಿಸಿದರು. ಇಂದು ಆ ಲೆಕ್ಕವೂ ಪ್ರಯೋಗವೂ ಹತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಹೊಂದುತ್ತವೆ.

ಮಿತ್ರರೇ, ಈಗ ಕಿವಿಗೊಟ್ಟು ಕೇಳಿ. ಆ ಮೂವರಲ್ಲಿ ಮೊದಲನೆಯವರಾದ ಟೊಮೊನಾಗ ತಮ್ಮ ಮೂಲ ಲೇಖನವನ್ನು ಯಾವ ಭಾಷೆಯಲ್ಲಿ ಪ್ರಕಟಿಸಿದರು? ಜಪಾನಿ ಭಾಷೆಯಲ್ಲಿ! 1943ರಲ್ಲಿ, ಯುದ್ಧದ ನಡುವೆ. ಅದು ಇಂಗ್ಲಿಷಿಗೆ ಬಂದದ್ದು 1946ರಲ್ಲಿ. ನಮ್ಮ ದೇಶದ ಸತ್ಯೇಂದ್ರನಾಥ ಬೋಸರನ್ನು ನೋಡಿ. 1924ರ ಅವರ ಲೇಖನವನ್ನು ಐನ್‌ಸ್ಟೈನ್ ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿ ಅಚ್ಚು ಹಾಕಿಸಿದರು. ಫೋಟಾನ್ ಸೇರಿರುವ ಕಣಗಳ ಕುಲಕ್ಕೆ ‘ಬೋಸಾನ್’ ಎಂದು ಅವರದ್ದೇ ಹೆಸರು. ಅದೇ ಬೋಸರು 1948ರಲ್ಲಿ ಬಂಗಾಳಿ ಭಾಷೆಯಲ್ಲಿ ವಿಜ್ಞಾನ ಬೆಳೆಸಲು ಪರಿಷತ್ತು ಕಟ್ಟಿ ಪತ್ರಿಕೆ ಹೊರಡಿಸಿದರು. ತಾಯ್ನುಡಿಯಲ್ಲಿ ವಿಜ್ಞಾನ ಆಗುವುದಿಲ್ಲ ಎನ್ನುವವರು ಬೋಸರಿಗಿಂತ ದೊಡ್ಡ ವಿಜ್ಞಾನಿಗಳೇ?

ಕನ್ನಡ ನಾಡಿಗೂ ಈ ವಿಷಯ ಹೊರಗಿನದಲ್ಲ. ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿಯ ಲೆಕ್ಕಕ್ಕೆ ಜಗತ್ತು ಇಂದಿಗೂ ಅವರ ಹೆಸರನ್ನೇ ಹೇಳುತ್ತದೆ. ಗಣಿತದಲ್ಲಿ ಆಮೇಲೆ ಮೇರುವಾದ ಹರೀಶ್ ಚಂದ್ರ ಅವರ ಬಳಿ ಕಲಿಯಲು ಬೆಂಗಳೂರಿಗೇ ಬಂದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಕೋಲಾರದ ಚಿನ್ನದ ಗಣಿಗೆ ಉಪಕರಣ ಇಳಿಸಿ ವಿಶ್ವಕಿರಣ ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಜಗತ್ತಿನಲ್ಲಿ ಮೊದಲು ಕಂಡವರಲ್ಲಿ ಕೋಲಾರದ ತಂಡವೂ ಒಂದು. ಪ್ರೋಟಾನ್ ಕೂಡ ಒಂದು ದಿನ ಅಳಿಯಬೇಕು ಎಂದು 1970ರ ದಶಕದಲ್ಲಿ ಕ್ಷೇತ್ರ ಸಿದ್ಧಾಂತದವರು ಕಾಗದದ ಮೇಲೆ ಬರೆದರು. ಅದನ್ನು 1980ರ ದಶಕದಲ್ಲಿ ಪರೀಕ್ಷಿಸಿದ್ದೂ ಆ ಗಣಿಯಲ್ಲೇ. ಪ್ರೋಟಾನ್ ಅಳಿದದ್ದು ಇಂದಿಗೂ ಎಲ್ಲೂ ಖಚಿತವಾಗಿ ಕಂಡಿಲ್ಲ. ಗಣಿ 2001ರಲ್ಲಿ ಮುಚ್ಚಿತು. ನಮ್ಮ ನೆಲದೊಳಗೆ ಇಷ್ಟೆಲ್ಲ ನಡೆದರೂ ನಮ್ಮ ಮಕ್ಕಳಿಗೆ ನಾವು ಹೇಳಿದ್ದು ಚಿನ್ನದ ಕಥೆ ಮಾತ್ರ!

ಹಾಗಾದರೆ ಕಲಿಯುವುದು ಹೇಗೆ? ಹುಡುಗಿ ಪೆಟ್ಟು ತಿಂದು ಕಲಿತ ದಾರಿ ಹೇಳುತ್ತೇನೆ. ನೇರವಾಗಿ ಕ್ಷೇತ್ರಕ್ಕೆ ಹಾರಬೇಡಿ. ಲಾಗ್ರಾಂಜನ ಯಂತ್ರಶಾಸ್ತ್ರ, ವಿಶೇಷ ಸಾಪೇಕ್ಷತೆ, ಕ್ವಾಂಟಂ ಯಂತ್ರಶಾಸ್ತ್ರ, ಸಂಕೀರ್ಣ ಸಂಖ್ಯೆಗಳ ಕಲನಶಾಸ್ತ್ರ, ಈ ನಾಲ್ಕು ಕಂಬ ಗಟ್ಟಿಯಾಗಲಿ. ಅದರಲ್ಲೂ ಸ್ಪ್ರಿಂಗಿನಂತೆ ಆಡುವ ಆಂದೋಲಕದ ಕ್ವಾಂಟಂ ಲೆಕ್ಕ ನಿದ್ದೆಯಲ್ಲೂ ಬರಬೇಕು; ಕ್ಷೇತ್ರವೆಂದರೆ ಅಂಥ ಲೆಕ್ಕವಿಲ್ಲದಷ್ಟು ಆಂದೋಲಕಗಳು. ಮೊದಲಿಗೆ ಅಮಿತಾಭ ಲಾಹಿರಿ ಮತ್ತು ಪಲಾಶ್ ಪಾಲ್ ಬರೆದ ಆರಂಭಿಕ ಪುಸ್ತಕ ಹಿಡಿಯಿರಿ. ಕೇಂಬ್ರಿಜ್‌ನ ಡೇವಿಡ್ ಟಾಂಗ್ ಅವರ ಟಿಪ್ಪಣಿಗಳು ಪುಕ್ಕಟೆ ಸಿಗುತ್ತವೆ. 1995ರಲ್ಲಿ ಬಂದ ಪೆಸ್ಕಿನ್-ಶ್ರೋಡರ್ ದಪ್ಪ ಪುಸ್ತಕ ಆಮೇಲೆ. ಓದಿದರೆ ಬರುವುದಿಲ್ಲ, ಲೆಕ್ಕ ಮಾಡಿದರೆ ಬರುತ್ತದೆ. ‘ಸುಲಭವಾಗಿ ತೋರಿಸಬಹುದು’ ಎಂದು ಪುಸ್ತಕದಲ್ಲಿ ಬರೆದ ಕಡೆಯಲ್ಲೇ ಅವಳಿಗೆ ಎರಡು ದಿನ ಹಿಡಿಯುತ್ತಿತ್ತು!

ಇವೆಲ್ಲ ಇಂಗ್ಲಿಷ್ ಪುಸ್ತಕಗಳೇ. ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುವುದಿಲ್ಲ. ಓದಲು, ಪರೀಕ್ಷೆ ಬರೆಯಲು ಅದು ಬೇಕು. ಆದರೆ ಪ್ರತಿ ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ, ಸಮೀಕರಣ ಹಾಗೇ ಇಟ್ಟು, ಅರ್ಥವನ್ನು ಕನ್ನಡದಲ್ಲಿ ಎರಡು ಪುಟ ಬರೆಯಿರಿ. ಎಲ್ಲಿ ಪೆನ್ನು ನಿಂತಿತೋ ಅಲ್ಲಿ ನಿಮಗೆ ತಿಳಿದಿಲ್ಲ. ಅದು ಭಾಷೆಯ ದೋಷವಲ್ಲ, ಮತ್ತೆ ಓದಬೇಕಾದ ಜಾಗದ ಗುರುತು.

ನಮ್ಮ ಹುಡುಗಿಗೆ ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವು. ಕೊನೆಯ ಪರೀಕ್ಷೆಯಲ್ಲಿ ಪಾಸಾದಳು. ಅದಕ್ಕಿಂತ ದೊಡ್ಡದೆಂದರೆ, ತರಗತಿಯಲ್ಲಿ ಮತ್ತೆ ಎದ್ದು ನಿಂತಳು. ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ ಪ್ರಶ್ನೆ ಕೇಳಿದಳು. ಪ್ರಶ್ನೆ ಸರಿಯಿತ್ತು, ಈ ಸಲ ಯಾರೂ ನಗಲಿಲ್ಲ. ಈಗ ನೆಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಕನ್ನಡ ಟಿಪ್ಪಣಿ ನೂರು ಪುಟ ದಾಟಿತು. ನಾನೇ ಕಂಪೋಸ್ ಮಾಡಿ ಐವತ್ತು ಪ್ರತಿ ಹೊಲಿದು ಕೊಟ್ಟೆ. ಅವಳ ಹಿಂದಿನ ಬ್ಯಾಚಿನ ಹುಡುಗರು ಒಯ್ದರು.

1918ರಲ್ಲೇ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ನೂರು ವರ್ಷ ದಾಟಿದ ಮೇಲೂ ನಮ್ಮ ಎಂ.ಎಸ್ಸಿ. ಮಕ್ಕಳು ಕನ್ನಡದಲ್ಲಿ ಪ್ರಶ್ನೆ ಕೇಳಲು ನಾಚಬೇಕೆ? ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಧಾರವಾಡದಲ್ಲಿ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಬಾವುಟ ಹಿಡಿದ ಕೈಯಲ್ಲಿ ಪೆನ್ನನ್ನೂ ಹಿಡಿಯಿರಿ. ನಿಮಗೆ ತಿಳಿದ ಒಂದು ಅಧ್ಯಾಯವನ್ನು ನಿಮ್ಮ ಹಿಂದೆ ಬರುವವರಿಗೆ ಕನ್ನಡದಲ್ಲಿ ಬರೆದಿಡಿ. ಎಲೆಕ್ಟ್ರಾನಿಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡವೂ ಬರುವುದಿಲ್ಲ. ಕಲಿಯಬೇಕಾದವರು ನಾವು, ನಮ್ಮ ಮಾತಿನಲ್ಲಿ.

ಬರೆದು ತನ್ನಿ. ಕಾಗದ ನನ್ನದು, ಶಾಯಿ ನನ್ನದು. ಚಿಮ್ಮಡದಲ್ಲಿ ಮಷೀನು ತಯಾರಿದೆ.

ಸಿರಿಗನ್ನಡಂ ಗೆಲ್ಗೆ!