ವಾಹನದ ಉಸಿರುದಾರಿಯಲ್ಲಿ ಬಿರುಕು



ತೋಟಕ್ಕೆ ನೀರೆತ್ತುವ ಪಂಪ್‌ಸೆಟ್ ನಡೆಸಿದವರಿಗೆಲ್ಲ ತಿಳಿದಿರುವ ಸಂಗತಿಯೊಂದಿದೆ. ಡೆಲಿವರಿ ಪೈಪು ಒಡೆದರೆ ನೀರು ಚಿಮ್ಮುತ್ತದೆ. ದೋಷವು ದೂರದಿಂದಲೇ ಕಾಣುತ್ತದೆ. ಆದರೆ ಫುಟ್‌ವಾಲ್ವಿನಿಂದ ಪಂಪಿಗೆ ಬರುವ ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಪಂಪು ಓಡುತ್ತಿರುವಾಗ ಹೊರಗೆ ಒಂದು ಹನಿಯೂ ಬೀಳದು. ಗಾಳಿ ಒಳನುಗ್ಗುತ್ತದೆ, ನೀರು ಏರುವುದಿಲ್ಲ, ಮನೆಯವರು ಮೋಟಾರನ್ನು ದೂರುತ್ತಾರೆ. ಕಾರು, ಜೀಪುಗಳ ಎಂಜಿನ್ ಗಾಳಿಯನ್ನು ಎಳೆದುಕೊಳ್ಳುವ ಮಾರ್ಗದಲ್ಲಿಯೂ ನಡೆಯುವುದು ಇದೇ.

ಪೆಟ್ರೋಲ್ ಎಂಜಿನ್ನಿನಲ್ಲಿ 1 ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಏರ್ ಫಿಲ್ಟರ್ ದಾಟಿದ ಗಾಳಿಯನ್ನು ಥ್ರಾಟಲ್ ಎಂಬ ಕವಾಟವು ನಿಯಂತ್ರಿಸುತ್ತದೆ. ವಾಹನ ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಈ ಕವಾಟ ಬಹುಪಾಲು ಮುಚ್ಚಿರುವುದರಿಂದ ಅದರಾಚೆಯ ಮ್ಯಾನಿಫೋಲ್ಡಿನಲ್ಲಿ ಬಲವಾದ ಸೆಳೆತವಿರುತ್ತದೆ. ಅಲ್ಲಿನ ಗ್ಯಾಸ್ಕೆಟ್ಟೋ, ಬ್ರೇಕ್ ಬೂಸ್ಟರಿಗೆ ಹೋಗುವ ರಬ್ಬರ್ ಹೋಸೋ ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರುತ್ತದೆ. ಎಂಜಿನ್ ತಡವರಿಸುತ್ತದೆ, ಕಿಡಿ ಹೊತ್ತದ ಪೆಟ್ರೋಲು ಹೊಗೆಕೊಳವೆ ಸೇರಿ, ಹೊಗೆ ಶುದ್ಧಗೊಳಿಸುವ ಕನ್ವರ್ಟರನ್ನೂ ಕಾಯಿಸಿ ಕೆಡಿಸುತ್ತದೆ. ವೇಗ ಹೆಚ್ಚಿಸಿದೊಡನೆ, ಒಟ್ಟು ಗಾಳಿಯೇ ಹೆಚ್ಚುವುದರಿಂದ, ಬಿರುಕಿನ ಪಾಲು ಅಲ್ಪವಾಗಿ ದೋಷ ಮರೆಯಾಗುತ್ತದೆ. ಈ ಮರೆಯಾಗುವಿಕೆಯೇ ಒಂದು ಸುಳಿವು. ಗಾಳಿಯನ್ನು ಅಳೆಯುವ ಸೆನ್ಸರ್ ಉಳ್ಳ ವಾಹನಕ್ಕೆ ಸ್ಕ್ಯಾನರ್ ಜೋಡಿಸಿದಾಗ, ಕಂಪ್ಯೂಟರು ಹೆಚ್ಚುವರಿ ಪೆಟ್ರೋಲು ಬಿಡುತ್ತಿರುವುದು ನಿಂತಲ್ಲಿ ಮಾತ್ರ ಕಂಡು, 2,500 ಸುತ್ತುಗಳ ವೇಗದಲ್ಲಿ ಇಳಿದರೆ, ಬಿರುಕನ್ನೇ ಹುಡುಕಬೇಕು. ವೇಗದಲ್ಲಿ ಇನ್ನೂ ಏರಿದರೆ ಪೆಟ್ರೋಲಿನ ಪಂಪು, ಫಿಲ್ಟರುಗಳತ್ತ ನೋಡುವುದು ಯುಕ್ತ.

ಬೆಟ್ಟದವರು ಗಮನಿಸಬೇಕಾದ ಮಾತೊಂದಿದೆ. ವ್ಯಾಕ್ಯೂಮ್ ಗೇಜಿನಲ್ಲಿ ಪಾದರಸದ 17ರಿಂದ 22 ಇಂಚು ಬಂದರೆ ಎಂಜಿನ್ ಸರಿಯಾಗಿದೆಯೆಂದು ಕೈಪಿಡಿಗಳು ಹೇಳುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಏರಿದಂತೆ ಸುಮಾರು 1 ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಕಾರು ಮಡಿಕೇರಿಯಲ್ಲಿ 15ರ ಆಸುಪಾಸು ತೋರಿಸಿದರೆ ಅದು ಬಿರುಕಲ್ಲ, ಬೆಟ್ಟ. ಇದನ್ನರಿಯದೆ ಗ್ಯಾಸ್ಕೆಟ್ ಬದಲಾಯಿಸಿದರೆ ಹಣವಷ್ಟೇ ವ್ಯರ್ಥ.

ಹುಡುಕುವ ಕ್ರಮ ಕಷ್ಟದ್ದಲ್ಲ. ಎಂಜಿನ್ ತಣ್ಣಗಿರುವಾಗ ಪ್ರತಿಯೊಂದು ಹೋಸನ್ನೂ ಬಾಗಿಸಿ, ಕಣ್ಣಿಗೆ ಬೀಳದ ಅಡಿಭಾಗವನ್ನು ಬೆರಳಿನಿಂದ ಸವರಬೇಕು. ಕೊಟ್ಟಿಗೆಯ ಪಕ್ಕ ನಿಲ್ಲಿಸುವ ವಾಹನಗಳಲ್ಲಿ ಇಲಿ ಕಡಿದಿರುವುದೂ ಉಂಟು. ಬಳಿಕ ಎಂಜಿನ್ ಓಡಿಸಿ, ಉದ್ದನೆಯ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಜೋಡಣೆಗಳ ಬಳಿ ಒಯ್ದರೆ 'ಸ್ಸ್' ಎಂಬ ಸದ್ದು ಸ್ಪಷ್ಟವಾಗುತ್ತದೆ. ಫ್ಯಾನು, ಬೆಲ್ಟುಗಳಿಂದ ಕೈ ಮತ್ತು ಬಟ್ಟೆ ದೂರವಿರಲಿ. ವೈರುಗಳನ್ನು ತಪ್ಪಿಸಿ, ಅನುಮಾನವಿರುವಲ್ಲಿ ಸ್ವಲ್ಪ ಸಾಬೂನು ನೀರು ಸಿಂಪಡಿಸಿದರೆ, ಬಿರುಕು ಅದನ್ನು ಒಳಗೆಳೆದುಕೊಳ್ಳುವಾಗ ಓಟದ ಸದ್ದು ಕ್ಷಣಕಾಲ ಬದಲಾಗುತ್ತದೆ. ಇದೇ ಪರೀಕ್ಷೆಗೆ ಪೆಟ್ರೋಲನ್ನೋ ಕಾರ್ಬುರೇಟರ್ ಕ್ಲೀನರನ್ನೋ ಚಿಮುಕಿಸುವ ರೂಢಿ ಅಪಾಯಕರ. ಪಕ್ಕದ ಕಾದ ಹೊಗೆಕೊಳವೆಗೆ ತಾಗಿದರೆ ಬೆಂಕಿಯೇ. ಎಲ್ಲಕ್ಕಿಂತ ನಂಬಲರ್ಹವಾದುದು ಹೊಗೆ ಪರೀಕ್ಷೆ: ಎಂಜಿನ್ ನಿಲ್ಲಿಸಿ, ಗಾಳಿಯ ಬಾಯಿ ಮುಚ್ಚಿ, ಅತ್ಯಲ್ಪ ಒತ್ತಡದಲ್ಲಿ ಎಣ್ಣೆಹೊಗೆ ತುಂಬಿದರೆ, ಸೀಳಿನಿಂದ ಅದು ಎಳೆಯಾಗಿ ಹೊರಬರುತ್ತದೆ.

ಟರ್ಬೋ ಇರುವ ಡೀಸೆಲ್ ವಾಹನಗಳಲ್ಲಿ ಎರಡೂ ಬಗೆಯ ಪೈಪುಗಳಿವೆ. ಟರ್ಬೋದ ನಂತರದ್ದು ಡೆಲಿವರಿ ಪೈಪಿದ್ದಂತೆ. ಅಲ್ಲಿ ಸೀಳಿದರೆ ಒಳಬಂದ ಗಾಳಿಯೇ ಹೊರಹೋಗಿ, ಏರಿನಲ್ಲಿ ಬಲ ಕುಗ್ಗಿ ಕಪ್ಪು ಹೊಗೆ ಏಳುತ್ತದೆ. ಅಂಥ ಹೊಗೆಗೆ ಇಂಜೆಕ್ಟರುಗಳನ್ನು ಬಿಚ್ಚಿಸುವ ಮುನ್ನ ಹೋಸಿನ ಜೋಡಣೆಯಲ್ಲಿ ಎಣ್ಣೆಯ ಜಿಡ್ಡಿದೆಯೇ ಎಂದು ನೋಡಬೇಕು. ಫಿಲ್ಟರಿಗೂ ಟರ್ಬೋಗೂ ನಡುವಿನದು ಸಕ್ಷನ್ ಪೈಪು. ಇಲ್ಲಿನ ಬಿರುಕು ಬಲವನ್ನು ಕುಗ್ಗಿಸುವುದಿಲ್ಲ, ಸದ್ದನ್ನೂ ಹೆಚ್ಚು ಮಾಡುವುದಿಲ್ಲ. ಆದಕಾರಣ ಇದೇ ಹೆಚ್ಚು ಕೇಡಿನದು. ಮಣ್ಣುರಸ್ತೆಯ ಧೂಳಿನಲ್ಲಿರುವ ಸಿಲಿಕಾ ಕಣಗಳು ಸೋಸದೆಯೇ ಒಳಹೊಕ್ಕು ಟರ್ಬೋದ ರೆಕ್ಕೆ, ಪಿಸ್ಟನ್ ರಿಂಗು, ಸಿಲಿಂಡರಿನ ಗೋಡೆಗಳನ್ನು ಉಜ್ಜುತ್ತವೆ. ನೀಲಿ ಹೊಗೆ ಕಂಡು, ಎಂಜಿನ್ ಆಯಿಲ್ ಇಳಿಯತೊಡಗುವ ವೇಳೆಗೆ ಸವೆತವು ಬಹುದೂರ ಸಾಗಿರುತ್ತದೆ. ಹತ್ತಾರು ಸಾವಿರದ ಎಂಜಿನ್ ಕೆಲಸಕ್ಕೆ ಸಡಿಲವಾದ ಒಂದು ಕ್ಲಿಪ್ಪು ಸಾಕು.

ಇದಕ್ಕೆ ಬೇಕಾದ ಉಪಕರಣ ಒಂದು ತುಂಡು ಬಿಳಿ ಬಟ್ಟೆ ಮಾತ್ರ. ಮಳೆಗಾಲ ಮುಗಿದು ರಸ್ತೆಯಲ್ಲಿ ಧೂಳೇಳತೊಡಗಿದಾಗ, ಎಂಜಿನ್ ನಿಲ್ಲಿಸಿ ಫಿಲ್ಟರಿನ ಆಚೆಯ ಪೈಪನ್ನು ಬಿಚ್ಚಿ ಒಳಗೋಡೆಯನ್ನು ಒರೆಸಿರಿ. ಬಟ್ಟೆಗೆ ಕೆಂಪು ಹತ್ತಿದರೆ ಕ್ಲಿಪ್ಪು, ಪೈಪಿನ ಮಡಿಕೆ, ಫಿಲ್ಟರಿನ ಅಂಚಿನ ರಬ್ಬರು, ಈ ಮೂರನ್ನೂ ಪರೀಕ್ಷಿಸಿ, ಪೈಪಿನ ಒಳಗನ್ನು ಶುಚಿಗೊಳಿಸಿದ ಮೇಲೆಯೇ ಮತ್ತೆ ಸ್ಟಾರ್ಟ್ ಮಾಡಿರಿ.